ದಾರಪ್ಪ ಮತ್ತು ನಟ್ಟನಡುವಿನ ಸೋಫಾ

ದಾರಪ್ಪನ ಅಂಗಿ ಜೇಬಿನಲ್ಲಿ ಪೆನ್ನು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಉಂಡೆ ದಾರವಂತೂ ಇದ್ದೇ ಇರುತ್ತಿತ್ತು. ಮೂವತ್ತು ವರ್ಷ ಅಂಗಡಿಗಳ ಬೋರ್ಡ್ ಬರೆದ ಆಸಾಮಿ. ಎಲ್ಲಿ ಏಣಿ ಹಾಕಿದರೂ ಅವನ ಮೊದಲ ಕೆಲಸ ಒಂದೇ. ಬೋರ್ಡಿನ ಈ ತುದಿಯಿಂದ ಆ ತುದಿಗೆ ದಾರ ಹಿಡಿಯುವುದು, ಎರಡಾಗಿ ಮಡಿಸುವುದು, ಮಡಿಕೆ ಬಿದ್ದಲ್ಲಿ ಸೀಮೆಸುಣ್ಣದ ಚುಕ್ಕಿ ಇಡುವುದು. ಆಮೇಲೆ ಬರೆಯಬೇಕಾದ ಸಾಲನ್ನೂ ಅದೇ ದಾರದಲ್ಲಿ ಅಳೆದು ಮಡಿಸಿ, ಅದರ ಅರ್ಧದಷ್ಟು ಚುಕ್ಕಿಯಿಂದ ಎಡಕ್ಕೆ ಸರಿದು, ಅಲ್ಲಿಂದ ಬ್ರಷ್ ಶುರು. ಅವನ ಬೀದಿಯಲ್ಲಿ ಅಕ್ಷರ ಪಕ್ಕಕ್ಕೆ ವಾಲಿದ ಅಂಗಡಿ ಒಂದೂ ಇರಲಿಲ್ಲ. ಮಾಲು ಹಳೆಯದಿರಬಹುದು, ತಕ್ಕಡಿ ಒಂದು ಕಡೆ ವಾಲಿರಬಹುದು, ಬೋರ್ಡ್ ಮಾತ್ರ ನೆಟ್ಟಗೆ.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಬೋರ್ಡ್ ಯಂತ್ರದ ಬಾಯಿಂದ ಸುರುಳಿ ಸುತ್ತಿಕೊಂಡು ಹೊರಬೀಳುತ್ತಿತ್ತು. ದಾರಪ್ಪನ ಡಬ್ಬಿಗಳಲ್ಲಿ ಬಣ್ಣ ಕೆನೆಗಟ್ಟಿತು, ಬ್ರಷ್ಷುಗಳು ಕಡ್ಡಿಯ ಹಾಗೆ ಸೆಟೆದುಕೊಂಡವು.

ಹೊತ್ತು ನೋಡಿ ಕರೆ ಕಳಿಸಿದವನು ಭಾವಮೈದುನ. ಅವನದು ಟೈಲ್ಸ್ ಅಂಗಡಿ.

"ಬನ್ನಿ ಭಾವ, ನಮ್ಮಂಗಡೀಲಿ ಸುಮ್ನೆ ಕೂತಿರಿ ಸಾಕು. ಯಾರೂ ಟೈಲ್ಸ್ ಎತ್ಕೊಂಡು ಓಡದ ಹಾಗೆ ನೋಡ್ಕೊಳ್ಳಿ."

ಟೈಲ್ಸ್ ಎತ್ತಿಕೊಂಡು ಓಡಿದವರನ್ನು ಈವರೆಗೆ ಯಾರೂ ಕಂಡಿಲ್ಲ. ಒಂದು ಪೆಟ್ಟಿಗೆ ಎತ್ತಿದವನು ಓಡುವುದಿರಲಿ, ಸೊಂಟ ಹಿಡಿದುಕೊಂಡು ಅಲ್ಲೇ ಕೂರಬೇಕು. ಅಂದರೆ ಅದು ಕೆಲಸವಲ್ಲ, ಕನಿಕರ. ಬಾಗಿಲ ಪಕ್ಕ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಭಾವನಿಗೆಂದು ಒಂದು ದಿಂಬನ್ನೂ ಹಾಕಿಸಿದ್ದ. ದಾರಪ್ಪನಿಗೆ ಸ್ಟೂಲಿಗಿಂತ ಆ ದಿಂಬೇ ಹೆಚ್ಚು ಚುಚ್ಚಿತು; ಹೋಗಲಿಲ್ಲ.

ಮಗಳು ಮನೆಯ ಮುಂಗೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅಂಗಡಿಗಳಿಗೆ ವೆಬ್‌ಪುಟ ಮಾಡಿಕೊಡುತ್ತಿದ್ದಳು. "ಅದೂ ಬೋರ್ಡೇ ತಾನೆ? ನಂಗೂ ಹೇಳ್ಕೊಡು," ಎಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡ. ಆರು ತಿಂಗಳಲ್ಲಿ ಎರಡು ನೋಟ್‌ಬುಕ್ ತುಂಬ ಬರೆದುಕೊಂಡ. ಅಕ್ಷರ ಎಷ್ಟು ಮುದ್ದಾಗಿತ್ತೆಂದರೆ ಮಗಳಿಗೆ ಬೈಯಲೂ ಮನಸ್ಸಾಗುತ್ತಿರಲಿಲ್ಲ. ಕೊನೆಗೊಂದು ದಿನ ಸೋಫಾ ಅಂಗಡಿಯ ಪುಟವನ್ನು ಪೂರ್ತಿ ಅವನ ಕೈಗೇ ಬಿಟ್ಟಳು. ದಾರಪ್ಪ ಬಿಗುಮಾನದಿಂದ ಹೆಂಡತಿಯ ಮುಂದೆ ಹೇಳಿಬಿಟ್ಟ: "ಇದೊಂದು ನೆಟ್ಟಗಾಗ್ಲಿಲ್ಲ ಅಂದ್ರೆ ಸೋಮವಾರದಿಂದ ಹೋಗಿ ಆ ಸ್ಟೂಲ್ ಮೇಲೆ ಕೂತ್ಕೋತೀನಿ."

ಹೆಂಡತಿ ಈ ಮಾತನ್ನು ತಮ್ಮನ ಕಿವಿಗೆ ಹಾಕಿದಳು. ಅವನು ದಿಂಬಿಗೆ ಹೊಸ ಕವರ್ ಹೊಲಿಸಿದ.

ಸೋಫಾ ಅಂಗಡಿಯ ಯಜಮಾನರು ಫೋಟೋ ಕಳಿಸಿದ್ದರು. ಮೂರು ಜನ ಕೂರುವ ಸೋಫಾ, ಅದರ ನಡುವೆ ಒಬ್ಬರೇ ಯಜಮಾನರು. ಎರಡೂ ಮಂಡಿಯ ಮೇಲೆ ಕೈ, ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ. ಫೋಟೋದ ಮೇಲೆ ಅಂಗಡಿಯ ಮಾತು ಬರಬೇಕು: 'ಕೂತರೆ ಏಳಲಾರಿರಿ'.

"ಅಕ್ಷರ ನಟ್ಟನಡುವೆ ಇರ್ಬೇಕು," ಎಂದರು ಯಜಮಾನರು.

"ಇರುತ್ತೆ ಯಜಮಾನ್ರೇ."

"ನನ್ನ ಮುಖಾನೂ ನಟ್ಟನಡುವೇನೇ ಇರ್ಬೇಕು."

"ಅದೂ ಇದೆಯಲ್ಲ."

ಎರಡಕ್ಕೂ ತಲೆಯಾಡಿಸಿ ಬಂದ. ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಹಳೆಯ ಅಭ್ಯಾಸ. ಬೋರ್ಡಿನ ಕಾಲದಲ್ಲಿ ಅದರಿಂದ ನಷ್ಟವಾಗಿರಲಿಲ್ಲ. ಇಲ್ಲಿ ಅಕ್ಷರ ನಡುವೆ ಕೂತದ್ದೇ ತಡ, ಯಜಮಾನರ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯಿತು. ಪರದೆಯ ಮೇಲೆ ನೋಡಿದವರಿಗೆ, ಯಾರೋ ಸೋಫಾ ವ್ಯಾಪಾರಿಯನ್ನು ಹಿಡಿದು ಕೂರಿಸಿಕೊಂಡು ಮನೆಯವರಿಗೆ ಬೆದರಿಕೆ ಕಳಿಸಿದ್ದಾರೆ ಅನ್ನಿಸಬೇಕು.

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಪ್ಪ, ಅವರನ್ನ ಸೋಫಾದ ಒಂದು ತುದಿಗೆ ಸರಿಸು."

"ಅವರು ಮೂಲೇಲಿ ಕೂರೋ ಪೈಕಿ ಅಲ್ಲಮ್ಮ."

ದಾರಪ್ಪ ಆ ಫೋಟೋವನ್ನು ಬಹಳ ಹೊತ್ತು ನೋಡಿದ. ಬೋರ್ಡ್ ಬರೆಯುವವನು ಅಕ್ಷರವನ್ನು ಆಮೇಲೆ ನೋಡುತ್ತಾನೆ, ಮೊದಲು ಖಾಲಿ ಗೋಡೆಯನ್ನು. ಈ ಫೋಟೋದಲ್ಲಿ ಖಾಲಿ ಗೋಡೆಯಂಥ ಜಾಗ ಒಂದೇ ಇತ್ತು: ಸೋಫಾದ ಬೆನ್ನು. ಒಳ್ಳೆಯ ಕಡು ನೀಲಿ ಬಟ್ಟೆ. ಬಿಳಿ ಅಕ್ಷರ ಹಾಕಿದರೆ ಹತ್ತು ಹೆಜ್ಜೆ ಆಚೆಗೂ ಎದ್ದು ಕಾಣಬೇಕು. ಅದಕ್ಕೆ ಅಡ್ಡವಾಗಿದ್ದದ್ದು ಯಜಮಾನರ ದೇಹವೊಂದೇ.

ಸೀದಾ ಅಂಗಡಿಗೆ ಹೋದ.

"ಯಜಮಾನ್ರೇ, ನೀವು ಸೋಫಾ ಹಿಂದೆ ನಿಂತ್ಕೊಂಡ್ರೆ ಹೇಗೆ?"

"ನಾನ್ಯಾಕ್ರೀ ನಿಂತ್ಕೋಬೇಕು? ಅಂಗಡಿ ನಂದು."

"ನೀವು ಕೂತ್ರೆ ಸೋಫಾ ಭರ್ತಿ ಆಗೋಯ್ತು. ನೋಡಿದ ಗಿರಾಕಿಗೆ ತಾನೆಲ್ಲಿ ಕೂರ್ಲಿ ಅನ್ನಿಸುತ್ತೆ. ನಿಂತ್ರೆ, ಬನ್ನಿ ಕೂತ್ಕೊಳ್ಳಿ ಅಂತ ಕರೆದ ಹಾಗಿರುತ್ತೆ. ಮುಖ ನಡುವೇನೇ ಇರುತ್ತೆ, ಏನು, ಸ್ವಲ್ಪ ಮೇಲಕ್ಕೆ ಹೋಗುತ್ತೆ."

ಯಜಮಾನರು ಯೋಚಿಸಿದರು. ಗಿರಾಕಿಗೆ ಜಾಗವಿಲ್ಲ ಎಂಬ ಮಾತು ನಾಟಿತ್ತು, ಮುಖ ಮೇಲಕ್ಕೆ ಹೋಗುತ್ತದೆ ಎಂಬ ಮಾತು ಹಿಡಿಸಿತ್ತು. ನಿಂತರು. ಹೊಸ ಫೋಟೋ ಬಂತು.

ಈಗ ಉಳಿದದ್ದು ಅಕ್ಷರವನ್ನು ನಡುವೆ ಕೂರಿಸುವುದು. ಮಗಳು ಹೊರಗೆ ಹೋಗಿದ್ದಳು. ದಾರಪ್ಪ ಜೇಬಿನಿಂದ ದಾರ ತೆಗೆದು ಮಾನಿಟರಿಗೆ ಅಡ್ಡಲಾಗಿ ಹಿಡಿದ, ಮಡಿಸಿದ, ಮಡಿಕೆಯ ಜಾಗದಲ್ಲಿ ಮೇಲಿಂದ ಕೆಳಕ್ಕೆ ಒಂದು ಎಳೆ ಇಳಿಬಿಟ್ಟು ಅಂಟಿಸಿದ. ಪುಟದಲ್ಲಿ ಖಾಲಿ ಜಾಗ ಬೇಕಾದರೆ ಬರೆಯುವ ಒಂದು ಗುರುತು ನೋಟ್‌ಬುಕ್ಕಿನಲ್ಲಿತ್ತು. ಅಕ್ಷರದ ಎಡಕ್ಕೆ ಅದನ್ನು ಒಂದು ಬರೆದ, ಅಕ್ಷರ ಚೂರು ಬಲಕ್ಕೆ ಸರಿಯಿತು, ನೋಡಿದ. ಇನ್ನೊಂದು ಬರೆದ, ನೋಡಿದ. ಮೂವತ್ತೇಳು ಬರೆದ ಮೇಲೆ 'ಕೂತರೆ ಏಳಲಾರಿರಿ' ದಾರದ ಎರಡೂ ಬದಿಗೆ ಸಮನಾಗಿ ನಿಂತಿತು. ಎದ್ದು ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ಯಜಮಾನರೇ ಮುಂಗೋಣೆಗೆ ಬಂದರು. ಮಾನಿಟರ್ ನೋಡಿ ಅವರ ಎದೆ ಎರಡು ಇಂಚು ಅಗಲವಾಯಿತು. ಅಷ್ಟಕ್ಕೇ ಎದ್ದು ಹೋಗಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಅವರು ಜೇಬಿನಿಂದ ಮೊಬೈಲ್ ತೆಗೆದರು.

ಮೊಬೈಲಿನಲ್ಲಿ 'ಕೂತರೆ' ಬಲಗಡೆ ಅಂಚಿಗೆ ಹೋಗಿ ನೇತಾಡುತ್ತಿತ್ತು. 'ಏಳಲಾರಿರಿ' ಜಾಗ ಸಾಲದೆ ಎಡಕ್ಕೆ ಉರುಳಿ, ಸೋಫಾದ ಕಾಲ ಬುಡದಲ್ಲಿ ಬಿದ್ದಿತ್ತು.

"ಇದೇನ್ರೀ ಇದು?" ಯಜಮಾನರ ದನಿ ತಣ್ಣಗಿತ್ತು. "ನಮ್ಮ ಸೋಫಾದಲ್ಲಿ ಕೂತವನು ಜಾರಿ ಬಿದ್ದು ಏಳಕ್ಕಾಗದೆ ಒದ್ದಾಡ್ತಿರೋ ಹಾಗಿದೆ."

ದಾರಪ್ಪ ಮೊಬೈಲ್ ನೋಡಿದ, ಮಾನಿಟರ್ ನೋಡಿದ, ದಾರ ನೋಡಿದ. ದಾರ ನೆಟ್ಟಗೇ ಇತ್ತು.

"ನಾಲ್ಕು ಗಂಟೆಗೆ ಮತ್ತೆ ನೋಡ್ತೀನಿ," ಯಜಮಾನರು ಎದ್ದರು. "ಸರಿಹೋಗಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಹೋದವರಿಂದ ಬೇಜಾರಾಗದೆ ಉಳಿದವರು ಕಡಿಮೆ. ದಾರಪ್ಪನ ಕಣ್ಣ ಮುಂದೆ ಹೊಸ ಕವರಿನ ದಿಂಬು ಬಂದು ನಿಂತಿತು.

ಮಗಳು ಬಂದು ಅವನು ಬರೆದದ್ದನ್ನು ತೆರೆದಳು. ಒಂದೇ ಗುರುತು ಸಾಲುಗಟ್ಟಿ ನಿಂತಿತ್ತು.

"ಎಷ್ಟಪ್ಪ ಇವು?"

"ಮೂವತ್ತೇಳು."

"ಎಣಿಸ್ಕೊಂಡು ಬರೆದಿದೀಯಾ?"

"ಎಣಿಸ್ದೆ ಇನ್ನೇನು, ಕಣ್ಣಂದಾಜಲ್ಲಿ ಬರೀತಾರಾ?"

"ನಿನ್ನ ದಾರ ಈ ಮಾನಿಟರ್‌ದು ಮಾತ್ರ. ನೋಡೋವ್ರು ಇಲ್ಲಿಗೆ ಬಂದು ನೋಡ್ತಾರಾ? ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ ಪರದೆ. ಬೋರ್ಡ್ ಒಂದು ಸಲ ಹೊಡೆದ್ರೆ ಮುಗೀತು, ಇದು ನೋಡಿದಾಗೆಲ್ಲ ಅಗಲ ಬದಲಾಯಿಸೋ ಬೋರ್ಡು."

ದಾರಪ್ಪನಿಗೆ ಆರು ತಿಂಗಳಲ್ಲಿ ಅರ್ಥವಾಗದ್ದು ಈ ಒಂದು ಮಾತಿನಲ್ಲಿ ಅರ್ಥವಾಯಿತು. ತೆಪ್ಪಗೆ ಮೂವತ್ತೇಳನ್ನೂ ಅಳಿಸಿದ. ಅಳಿಸುವಾಗಲೂ ಎಣಿಸಿದ.

ಮಗಳು ಹೇಳಿಕೊಟ್ಟಳು: ಫೋಟೋ ಇರುವ ಚೌಕಕ್ಕೆ, 'ಅಕ್ಷರ ನಿನ್ನ ಅಳತೆಯ ಲೆಕ್ಕದಲ್ಲೇ ನಿಲ್ಲಬೇಕು' ಎಂದು ಮೊದಲು ಹೇಳಬೇಕು. ಆಮೇಲೆ ಅಕ್ಷರಕ್ಕೆ, ಚೌಕದ ಮೇಲಿನಿಂದ ಐವತ್ತು ಪರ್ಸೆಂಟ್ ಇಳಿ, ಎಡದಿಂದ ಐವತ್ತು ಪರ್ಸೆಂಟ್ ಸರಿ ಎನ್ನಬೇಕು. ಇಂಚಲ್ಲ, ಪರ್ಸೆಂಟ್; ಚೌಕ ಎಷ್ಟೇ ಆಗಲಿ, ಅದರ ಅರ್ಧ. ದಾರಪ್ಪ ಹಾಗೇ ಬರೆದ. ಅಷ್ಟರಲ್ಲಿ ಮಗಳ ಫೋನ್ ಬಡಿದುಕೊಂಡಿತು, ಅವಳು ಮಾತಾಡುತ್ತ ಬಾಗಿಲಿಗೆ ಹೋದಳು.

ಅಕ್ಷರ ಎದ್ದು ನಡುವಿಗೆ ಬಂತು. ಬಂದು, ನಡುವಿನಿಂದ ಶುರುವಾಗಿ ಬಲಕ್ಕೆ ನಡೆದುಬಿಟ್ಟಿತು. ಎಡಗಡೆ ಅರ್ಧ ಸೋಫಾ ಬಣಬಣ.

ಗಡಿಯಾರ ಮೂರೂಕಾಲು. ಆದರೆ ದಾರಪ್ಪ ಗಾಬರಿಬೀಳಲಿಲ್ಲ. ಕುರ್ಚಿಗೆ ಒರಗಿ ನಗತೊಡಗಿದ. ಮಗಳು ಫೋನ್ ಇಟ್ಟು ಓಡಿ ಬಂದಳು.

"ಯಾಕಪ್ಪ?"

"ನಿನ್ನ ಕಂಪ್ಯೂಟರು ಬ್ರಷ್ ಹಿಡಿದು ಎರಡೇ ದಿನ ಆದೋನ ಹಾಗೆ ಬರೀತಾ ಇದೆಯಲ್ಲೇ. ಚುಕ್ಕಿ ಕಂಡ ಕೂಡ್ಲೇ ಚುಕ್ಕಿಯಿಂದಾನೇ ಶುರು ಮಾಡಿದೆ. ಸಾಲಿನ ಅರ್ಧ ಹಿಂದಕ್ಕೆ ಎಳೀಬೇಕು ಅಂತ ಅದಕ್ಕೆ ಯಾರೂ ಹೇಳ್ಕೊಟ್ಟಿಲ್ವಾ?"

ಮಗಳು ಅಪ್ಪನನ್ನೇ ನೋಡಿದಳು. "ಅದನ್ನೇ ಹೇಳೋದಿತ್ತು, ಫೋನ್ ಬಂತು. ತನ್ನ ಉದ್ದದ ಅರ್ಧ ಎಡಕ್ಕೆ, ತನ್ನ ಎತ್ತರದ ಅರ್ಧ ಮೇಲಕ್ಕೆ ಸರಿ ಅನ್ನೋಕೆ ಒಂದು ಸಾಲಿದೆ. ಇದು ಅರ್ಥವಾಗೋಕೆ ನಂಗೆ ಒಂದು ವಾರ ಹಿಡೀತು."

"ನಂಗೆ ಕೆಲಸ ಕಲಿಸಿದೋರು ಏಣಿಯಿಂದ ಎರಡು ಸಲ ಇಳಿಸಿ ಕಪಾಳಕ್ಕೆ ಕೊಟ್ಟಿದ್ರು, ಅದಕ್ಕೇ ಬೇಗ ಬಂತು."

ಆ ಸಾಲನ್ನು ಬರೆದ. ಅಕ್ಷರ ಶಿಸ್ತಾಗಿ ಹಿಂದೆ ಸರಿದು ನೀಲಿ ಬೆನ್ನಿನ ಮೇಲೆ ಕೂತಿತು. ಮೊಬೈಲಿನಲ್ಲಿ ನೋಡಿದರು, ಕೂತಿತ್ತು. ಮೊಬೈಲನ್ನು ಅಡ್ಡ ಮಾಡಿದರು, ಆಗಲೂ ಕೂತಿತ್ತು. ದಾರಪ್ಪ ಮಾತ್ರ ನಂಬಿಕೆ ಸಾಲದೆ ಮೊಬೈಲಿಗೂ ದಾರ ಹಿಡಿದ.

ನಾಲ್ಕು ಗಂಟೆಗೆ ಯಜಮಾನರು ತಮ್ಮ ಫೋನು, ಹೆಂಡತಿಯ ಫೋನು, ಅಂಗಡಿಯಲ್ಲಿ ಯಾರೋ ಮರೆತುಹೋಗಿದ್ದ ಫೋನು, ಮೂರನ್ನೂ ತಂದು ಸಾಲಾಗಿಟ್ಟರು. ಮೂರರಲ್ಲೂ ಅವರು ನಡುವೆ ನಿಂತಿದ್ದರು, ಕೆಳಗೆ ಅಕ್ಷರ ನಡುವೆ ಕೂತಿತ್ತು. ತಪ್ಪು ಹುಡುಕಲು ಬಂದವರು ಬರಿಗೈಯಲ್ಲಿ ಹೋಗಬಾರದೆಂದು, "ನನ್ನ ಮೀಸೆ ಒಂದು ಕಡೆ ಸ್ವಲ್ಪ ಮೇಲಿದೆ," ಎಂದರು.

"ಅದು ನಮ್ಮ ಕೆಲಸಕ್ಕೆ ಸೇರಲ್ಲ ಯಜಮಾನ್ರೇ."

ಭಾನುವಾರದೊಳಗೆ ಆ ಪುಟ ಬೀದಿಯ ಫೋನುಗಳಲ್ಲೆಲ್ಲ ಓಡಾಡಿತು. ಬೀದಿಯ ಎಲ್ಲ ವ್ಯಾಪಾರಿಗಳಿಗೂ ಒಂದೇ ಹೊಟ್ಟೆಯುರಿ: ಸೋಫಾದವನು ನಡುವೆ ನಿಂತಿದ್ದಾನೆ, ನಾನೆಲ್ಲಿ?

ಸೋಮವಾರ ಬೆಳಿಗ್ಗೆ ದಾರಪ್ಪ ಟೈಲ್ಸ್ ಅಂಗಡಿಗೆ ಹೋದ. ಸ್ಟೂಲಿನ ಮೇಲೂ ಕೂತ. ದಿಂಬು ಮೆತ್ತಗೇ ಇತ್ತು, ಸುಳ್ಳು ಹೇಳಬಾರದು. ಎದುರಿಗೆ ಟೈಲ್ಸ್ ಪೆಟ್ಟಿಗೆಗಳ ಹಿಂದೆ ಭಾವಮೈದುನ ಹೊಟ್ಟೆ ಒಳಕ್ಕೆಳೆದುಕೊಂಡು ಫೋಟೋಗೆ ನಿಂತಿದ್ದ.

"ಇನ್ನೂ ಎಷ್ಟೊತ್ತು ನಿಲ್ಬೇಕು ಭಾವ?"

"ಅವಸರ ಮಾಡ್ಬೇಡ," ದಾರಪ್ಪ ಜೇಬಿನಿಂದ ಉಂಡೆ ತೆಗೆದ. "ತಗೋ, ಆ ತುದಿ ಹಿಡ್ಕೋ."