ಶೀತಲ ನೆಟ್ಟಗೆ ಮಾಡಿದ ಗಡಿ

ಶೀತಲಳಿಗೆ ಅಂಕುಡೊಂಕು ಕಂಡರಾಗದು. ಸೊಲ್ಲಾಪುರದ ನವಿ ಪೇಠದಲ್ಲಿ, ಬಟ್ಟೆ ಅಂಗಡಿಯ ಮೇಲಿನ ಆಫೀಸಿನಲ್ಲಿ ಕೂತು, ಸರಕಾರದ ನಕ್ಷೆಗಳಿಂದ ಹಳ್ಳಿಗಳ ಗಡಿ ತೆಗೆದು ಮೊಬೈಲ್ ನಕ್ಷೆಗೆ ಫೈಲು ಮಾಡುವುದು ಅವಳ ಕೆಲಸ. ಗಡಿಯ ಸಣ್ಣಪುಟ್ಟ ಬಾಗುಗಳನ್ನು ಅಳಿಸಿದರೆ ಫೈಲು ಹಗುರಾಗಿ ನಕ್ಷೆ ಬೇಗ ತೆರೆಯುತ್ತದೆ. ಅಕ್ಕಲಕೋಟ ತಾಲೂಕಿನ ಹಳೆಯ ಫೈಲು ಭಾರವಾಗಿದೆ ಎಂದು ಆಫೀಸಿನವರು ಹೇಳಿದಾಗ ಅದನ್ನೂ ಒಂದೇ ಏಟಿಗೆ ನೆಟ್ಟಗೆ ಮಾಡಿ ಕಳಿಸಿದಳು.

ಸೊಲ್ಲಾಪುರದಲ್ಲಿ ಅವಳ ಜೊತೆಗಿರುವ ತಾಯಿ ಗುರಮ್ಮ ಮೊಣಕಾಲು ಹೋದ ಮೇಲೆ ಅದೇ ತಾಲೂಕಿನ ತನ್ನ ಊರಿಗೆ ಹೋಗಲಾರಳು. ಗಂಡ ಕಲ್ಲಣ್ಣನನ್ನು ಮನೆತನದ ಪದ್ಧತಿಯಂತೆ ಸ್ವಂತ ಹೊಲದಲ್ಲೇ, ಊರ ಗಡಿ ಬಾಗುವ ಮೂಲೆಯಲ್ಲಿ ಮಣ್ಣು ಮಾಡಿದ್ದರು. ದಿನಾ ಸಂಜೆ ಗುರಮ್ಮ ವಿಭೂತಿ ಹಚ್ಚಿಕೊಂಡು, ಮಗಳ ಮೊಬೈಲಿನಲ್ಲಿ ಆ ಬಾಗು ಹುಡುಕಿ, ಅದರೊಳಗೆ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದಳು.

ಆ ಸಂಜೆ ಬಾಗು ಸಿಗಲಿಲ್ಲ. ಗೆರೆ ನೆಟ್ಟಗೆ ಹೋಗಿತ್ತು. ಹೊಲದ ಮೂಲೆ ಪಕ್ಕದೂರಿಗೆ ಸೇರಿತ್ತು.

“ಫೈಲ್ ಹಗುರ ಮಾಡಾಕ ನಾನೇ ತಗದೀನವ್ವಾ. ನಾಳಿ ಸರಿ ಮಾಡ್ತೀನಿ,” ಎಂದಳು ಶೀತಲ.

ಗುರಮ್ಮ ಆ ಗೆರೆಯ ಮೇಲಿಟ್ಟ ಬೆರಳು ಎತ್ತಲಿಲ್ಲ.

“ಸೊಲ್ಲಾಪುರಕ್ಕ ಬರ್ರಿ ಅಂತ ಎಷ್ಟ ಕರದ್ರೂ ಊರ ಬಿಟ್ಟು ಬರಲಿಲ್ಲ ಅವರು. ಈಗ ನೀನೇ ಹೊರಗ ಹಾಕಿದೇನವ್ವಾ?”