ದಿನ ಕೇಳಿ ಬರುವ ಕೆಲಸ

ನಮ್ಮ ಮನೆಯಲ್ಲಿ ದೇವರ ಕೋಣೆಯ ಗಂಟೆ ಕೇಳಿಸಿತೆಂದರೆ ಆಡುತ್ತಿದ್ದ ಮಾತನ್ನು ಅಲ್ಲಿಯೇ ಬಿಡಬೇಕಿತ್ತು. ಮಂಗಳಾರತಿಯಾದ ಮೇಲೆ ಅದನ್ನು ಮತ್ತೆ ಎತ್ತಿಕೊಳ್ಳುವ ಪದ್ಧತಿಯೂ ಇರಲಿಲ್ಲ. ಶಿವನೇ ತಡೆದ ಮಾತು ಆಡದಿರುವುದೇ ಮೇಲು ಎಂದು ಹಿರಿಯರು ತಿಳಿದಿದ್ದರು. ಚಿಕ್ಕಂದಿನಲ್ಲಿ ನಾವು ಇದನ್ನು ಬೈಗುಳದಿಂದ ಪಾರಾಗಲು ಬಳಸಿಕೊಳ್ಳುತ್ತಿದ್ದೆವು. ತಪ್ಪು ಮಾಡಿದ ದಿನ ಪೂಜೆಯ ಹೊತ್ತಿಗೆ ಸರಿಯಾಗಿ ಅಪ್ಪನ ಎದುರಿಗೆ ಹೋಗಿ ನಿಲ್ಲುತ್ತಿದ್ದೆವು. ಮೈಸೂರಿನ ಕಾಲೇಜು ಸೇರಿದ ಮೇಲೆ ನಾನು ಆ ಪದ್ಧತಿಯನ್ನು ಮರೆತೆ. ನನ್ನ ದೊಡ್ಡಪ್ಪ ಮರೆತಿರಲಿಲ್ಲ.

ಹಾರನಹಳ್ಳಿಯ ಬಳಿಯ ನಮ್ಮ ಊರಿನಿಂದ ಕವಲೊಡೆದ ಬಳಗ ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಗೆಲ್ಲ ಹರಡಿತ್ತು. ರೈಲ್ವೆ, ಗಿರಣಿ, ಮಿಲಿಟರಿ ಎಂದು ಕೆಲಸ ಹಿಡಿದು ಬೊಂಬಾಯಿ, ಮದರಾಸು, ನಾಗಪುರಗಳಲ್ಲಿ ನೆಲೆಸಿದವರೂ ಇದ್ದರು. ಮೂರು ವರ್ಷಕ್ಕೊಮ್ಮೆ ಎಲ್ಲರೂ ಯಾವುದಾದರೊಂದು ಮನೆಯಲ್ಲಿ ಸೇರುತ್ತಿದ್ದೆವು. ಆ ಕೂಟಕ್ಕೆ ನಿಗದಿಯಾದ ದಿನವಿರಲಿಲ್ಲ. ರಾಗಿಯ ಕಣ ಮುಗಿಯುತ್ತಲೇ ದೊಡ್ಡಪ್ಪ ಕಂಬಳಿ, ಕೊಡೆ, ಎಲೆಯಡಕೆಯ ಚೀಲ ಹಿಡಿದು ಹೊರಡುತ್ತಿದ್ದರು. ಇದಕ್ಕೆ ನಮ್ಮಲ್ಲಿ ದಿನ ಕೇಳಿ ಬರುವುದು ಎಂಬ ಹೆಸರಿತ್ತು. ಒಂದೊಂದು ಮನೆಯಲ್ಲಿಯೂ ಕುಳಿತು, ಮಜ್ಜಿಗೆ ಕುಡಿದು, ಎಮ್ಮೆಯ ವಿಷಯ, ಬಾವಿಯ ವಿಷಯ, ಬಾಣಂತಿಯ ವಿಷಯಗಳನ್ನೆಲ್ಲ ಮುಗಿಸಿ, ಹೊರಡುವಾಗ ಹೊಸ್ತಿಲ ಬಳಿ ಮೆಟ್ಟು ಹಾಕಿಕೊಳ್ಳುತ್ತ, "ಅಂದಂಗೆ, ಯಾವ ದಿನ ಆದ್ರೆ ಆಯ್ತದೆ?" ಎನ್ನುತ್ತಿದ್ದರು. ಸುತ್ತಿ ಮುಗಿಸಲು ಎರಡು ತಿಂಗಳು ಹಿಡಿಯುತ್ತಿತ್ತು. ದೂರದವರಿಗೆ ಊರಿನ ಮೇಷ್ಟರಿಂದ ಕಾಗದ ಬರೆಸುತ್ತಿದ್ದರು.

ಅವರು ತಪ್ಪದೆ ಹೋಗುತ್ತಿದ್ದ, ಆದರೆ ಕೂಟಕ್ಕೆ ಯಾರೂ ಬಾರದಿದ್ದ ಮನೆ ಒಂದೇ: ಕಬಿನಿ ಹೊಳೆಯಾಚೆ, ಕೋಟೆಯ ಸೀಮೆಯಲ್ಲಿದ್ದ ನನ್ನ ಸೋದರತ್ತೆಯ ಮನೆ. ನನ್ನ ಅಕ್ಕನ ಮದುವೆಯಲ್ಲಿ ಹಸೆಯ ಮೇಲೆ ಕುಳಿತವರಿಗೆ ಮೊದಲ ಆರತಿ ಎತ್ತುವ ಹಕ್ಕು ಆ ಅತ್ತೆಯದಾಗಿತ್ತು. ಹಿಂದಿನ ದಿನದ ಮಳೆಗೆ ಹೊಳೆ ಏರಿ, ಹರಿಗೋಲು ತಡವಾಗಿ, ಆಕೆ ಚಪ್ಪರ ಮುಟ್ಟುವ ವೇಳೆಗೆ ಬೇರೊಬ್ಬರು ಆರತಿ ಎತ್ತಿ ಮುಗಿಸಿದ್ದರು. ಮುಹೂರ್ತ ಮೀರುತ್ತದೆಂದು ನಮ್ಮ ಮನೆಯವರು ಕಾಯಲಿಲ್ಲ. ಅತ್ತೆ ತಂದ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನೀರನ್ನೂ ಕುಡಿಯದೆ ಹಿಂದಿರುಗಿದರು. ಅನಂತರ ಹನ್ನೆರಡು ವರ್ಷ ನಮ್ಮ ಬಳಗದ ಯಾವ ಹೊಸ್ತಿಲನ್ನೂ ಆಕೆ ತುಳಿದಿರಲಿಲ್ಲ.

ನಾನು ಪದವಿ ಮುಗಿಸಿ ಊರಿಗೆ ಮರಳಿದಾಗ ದೇಶ ತನ್ನ ಸಂವಿಧಾನವನ್ನು ಬರೆದುಕೊಂಡು ಕೆಲವೇ ವರ್ಷಗಳಾಗಿದ್ದವು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಎರಡು ಬೆಳ್ಳಿಯ ಬಟ್ಟಲುಗಳು ನನ್ನ ಪೆಟ್ಟಿಗೆಯಲ್ಲಿದ್ದವು. ಇಷ್ಟು ದೊಡ್ಡ ನಾಡು ನಿಯಮದಿಂದ ನಡೆಯಬಹುದಾದರೆ ಒಂದು ಬಳಗ ಏಕೆ ನಡೆಯಬಾರದು ಎಂದು ನಾನು ಪ್ರಾಮಾಣಿಕವಾಗಿ ಕೇಳಿಕೊಂಡೆ. ಒಂದು ನಿಯಮಾವಳಿಯನ್ನು ರಚಿಸಿದೆ. ಅದರಲ್ಲಿ ಹೆಂಗಸರಿಗೂ ಸಭೆಯಲ್ಲಿ ಮತವಿತ್ತು. ಗಂಡಸರು, ಹೆಂಗಸರು ಒಂದೇ ಪಂಕ್ತಿಯಲ್ಲಿ ಉಣ್ಣಬೇಕೆಂದಿತ್ತು. ಅವುಗಳ ಬಗೆಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಮತ್ತೊಂದು ನಿಯಮ ಹೀಗಿತ್ತು: ಇನ್ನು ಮೇಲೆ ಕೂಟವು ರೈಲು ನಿಲ್ಲುವ ಕೃಷ್ಣರಾಜನಗರದಲ್ಲಿಯೇ, ಮೇ ತಿಂಗಳ ಎರಡನೆಯ ಶನಿವಾರ ನಡೆಯತಕ್ಕದ್ದು, ಅಚ್ಚು ಹಾಕಿಸಿದ ಕಾರ್ಡು ಅಂಚೆಯಲ್ಲಿ ಹೋಗತಕ್ಕದ್ದು.

ಆ ವರ್ಷ ಶಿವರಾತ್ರಿಗೆ ಮುಂಚೆ ನಮ್ಮ ಹಜಾರದಲ್ಲಿ ಮನೆಗೊಬ್ಬರಂತೆ ಸೇರಿ ಸಭೆ ನಡೆಸಿದೆವು. ದೊಡ್ಡಪ್ಪ ತಮ್ಮ ಸುತ್ತಾಟವನ್ನು ಆಗಷ್ಟೇ ಮುಗಿಸಿ ಬಂದಿದ್ದರು. ನಾನು ಕೂಟಕ್ಕೆ ಅಖಿಲ ಭಾರತ ಬಳಗ ಸಮಾವೇಶವೆಂದು ಹೆಸರು ಸೂಚಿಸಿದೆ.

ಕಟ್ಟೆಮಳಲವಾಡಿಯಿಂದ ಬಂದಿದ್ದ ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಅಖಿಲ ಭಾರತಾನಾ? ನಮ್ಮೂರಿಂದ ಇಲ್ಲೀಗಂಟ ಬರಾಕೆ ಎರಡು ಬಸ್ಸು, ಒಂದು ಗಾಡಿ ಆಯ್ತು ಕಣ್ಲಾ. ಮೊದ್ಲು ಅದುಕ್ಕೊಂದು ದಾರಿ ಮಾಡು."

ಎಲ್ಲರೂ ನಕ್ಕರು. ನಾನೂ ನಕ್ಕೆ; ಎದುರಾಳಿಯ ಹಾಸ್ಯಕ್ಕೆ ನಗಬೇಕೆಂಬುದನ್ನು ಕಾಲೇಜಿನಲ್ಲಿ ಕಲಿತಿದ್ದೆ. ಬಳಿಕ ಎದ್ದು ನಿಂತು, ಒಂದು ದಿನಾಂಕವನ್ನು ತರಲು ಒಬ್ಬ ಹಿರಿಯರು ಎರಡು ತಿಂಗಳು ನಡೆಯಬೇಕಾದ ವ್ಯವಸ್ಥೆ ಅವರಿಗೂ ನಮಗೂ ಗೌರವವಲ್ಲವೆಂದು ವಾದಿಸಿದೆ. ಕೊನೆಗೆ, "ಬಾರದವರ ಅನುಕೂಲಕ್ಕಾಗಿ ಬರುವವರು ಕಾಯಬೇಕೆ?" ಎಂದು ಕೇಳಿದೆ. ಆ ವಾಕ್ಯವನ್ನು ಹಿಂದಿನ ದಿನವೇ ಸಿದ್ಧಪಡಿಸಿಕೊಂಡಿದ್ದೆ. ಚಪ್ಪಾಳೆ ಬಿತ್ತು.

ಪ್ರತಿಯೊಬ್ಬರಿಗೂ ಐದು ನಿಮಿಷ ಎಂದು ಗೊತ್ತುಮಾಡಿದ್ದೆ. ಕಾಲೇಜಿನಲ್ಲಿ ಮೇಜಿನ ಮೇಲೆ ಗಂಟೆಯಿರುತ್ತಿತ್ತು. ಮನೆಯಲ್ಲಿ ಬೇರೆ ಗಂಟೆಯಿಲ್ಲದ್ದರಿಂದ ದೇವರ ಕೋಣೆಯಿಂದ ಪೂಜೆಯ ಗಂಟೆಯನ್ನೇ ತಂದಿಟ್ಟುಕೊಂಡಿದ್ದೆ.

ದೊಡ್ಡಪ್ಪನ ಸರದಿ ಬಂತು. ಅವರು ಹೆಗಲ ಮೇಲಿನ ವಸ್ತ್ರವನ್ನು ಸರಿಪಡಿಸಿಕೊಂಡು, ತಾವು ನಡೆದ ದಾರಿಯಲ್ಲಿಯೇ ಮಾತನ್ನು ನಡೆಸತೊಡಗಿದರು. "ಕಟ್ಟೆಮಳಲವಾಡೀಗೆ ಓದೆ. ಅಲ್ಲಿ ಎಮ್ಮೆ ಈದದೆ, ಕರ ಚೆನ್ನಾಗದೆ. ಆ ಕೆಳಗಿನ್ಮನೆ ಅಣ್ತಮ್ಮಂದಿರು ಮಾತು ಬುಟ್ಟಿದ್ರು, ಈಗ ಒಂದೇ ಬಾವೀಲಿ ನೀರು ಸೇದ್ತಾವ್ರೆ. ಉಣಸೂರ್ನಾಗೆ ನಮ್ಮುಡ್ಗಿ ಎರಡ್ನೇದು ಎತ್ತವ್ಳೆ..." ಸಭೆಯಲ್ಲಿ ಯಾರೋ ಆಕಳಿಸಿದರು. ನಾನು ಗಡಿಯಾರ ನೋಡಿದೆ. "ಇವ್ಕೆಲ್ಲ ಮೊದ್ಲು ಕೋಟೆ ಕಡೀಕೆ ಓಗಿದ್ದೆ. ಒಳೆ ದಾಟಿ ಅಲ್ಲಿ..."

ನಾನು ಗಂಟೆ ಬಾರಿಸಿದೆ.

ಅವರ ಮಾತು ಅಲ್ಲಿಯೇ ನಿಂತಿತು. ಇನ್ನೊಂದು ನಿಮಿಷ ಬೇಕಾದರೆ ತೆಗೆದುಕೊಳ್ಳಿ ಎಂದು ನಾನು ಉದಾರವಾಗಿ ಹೇಳಿದೆ. ಅವರು ಗಂಟೆಯನ್ನು ನೋಡಿದರು, ಕೈಮುಗಿದರು, ಕುಳಿತರು. ನನ್ನ ನಿಯಮಾವಳಿ ಬಹುಮತದಿಂದ ಅಂಗೀಕಾರವಾಯಿತು. ಅವರು ಪರವಾಗಿಯೂ ಕೈಯೆತ್ತಲಿಲ್ಲ, ವಿರುದ್ಧವಾಗಿಯೂ ಎತ್ತಲಿಲ್ಲ.

ಮೇ ತಿಂಗಳ ಎರಡನೆಯ ಶನಿವಾರಕ್ಕೆ ಎರಡು ದಿನ ಮುಂಚೆ ಪಿರಿಯಾಪಟ್ಟಣದ ಕಡೆಯಿಂದ ಕೋಟೆಯವರೆಗೆ ಹದವಾದ ಮಳೆ ಬಿತ್ತು. ಮಳೆಯನ್ನೇ ನಂಬಿದ ಖುಷ್ಕಿ ಜಮೀನಿನ ಒಕ್ಕಲು ಅಂತಹ ಹದವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಒಕ್ಕಲು ಮನೆಯಲ್ಲಿ ಹುಟ್ಟಿದ ನನಗೆ ಇದು ತಿಳಿಯದ್ದಲ್ಲ. ನಿಯಮವನ್ನು ಬರೆಯುವಾಗ ಪರೀಕ್ಷೆ, ರಜೆ, ರೈಲುಗಳನ್ನು ಯೋಚಿಸಿದ್ದೆನೇ ಹೊರತು ಉಳುಮೆಯನ್ನು ಯೋಚಿಸಿರಲಿಲ್ಲ. ಬೊಂಬಾಯಿಯವರು ಬಂದರು, ಮದರಾಸಿನವರು ಬಂದರು, ನಾಲೆಯ ನೀರಿನ ಊರುಗಳವರು ಬಂದರು. ಛತ್ರದಲ್ಲಿ ಹಾಸಿದ ಎಲೆಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಲಿಯಿದ್ದವು. ಒಂದೇ ಪಂಕ್ತಿಯಲ್ಲಿ ಎಲ್ಲರೂ ಉಣ್ಣುವುದನ್ನು ನೋಡಬೇಕೆಂದಿದ್ದ ನಾನು ಆ ಖಾಲಿ ಎಲೆಗಳ ನಡುವೆ ಬಡಿಸುತ್ತ ಓಡಾಡಿದೆ.

ಮಧ್ಯಾಹ್ನ ಸೋದರತ್ತೆಯ ಗಂಡ ಒಬ್ಬರೇ ಬಂದರು. ಪಂಚೆಯ ಅಂಚಿಗೆಲ್ಲ ಕೆಂಪು ಮಣ್ಣು. ಜೇಬಿನಿಂದ ನಮ್ಮ ಕಾರ್ಡನ್ನು ತೆಗೆದು ನನ್ನ ಕೈಗಿತ್ತರು.

"ಪೋಸ್ಟಿನವ್ನು ಜಗುಲಿ ಮೇಲೆ ಎಸ್ದು ಓದ ಕಣಪ್ಪ. ನಿಮ್ಮತ್ತೆ ಒಳೀಕೂ ತಗಳ್ನಿಲ್ಲ. ಕೊಟ್ಬುಟ್ಟು ಬಾ ಅಂದ್ಲು."

"ಇಷ್ಟು ವರ್ಷಗಳಾದ ಮೇಲೂ ಅತ್ತೆ ಬರಬಾರದಿತ್ತೇ, ಮಾವ?" ಎಂದೆ. ನನ್ನ ದನಿಯಲ್ಲಿ ಆಕ್ಷೇಪಣೆಯಿತ್ತು.

ಮಾವ ನನ್ನ ಮುಖವನ್ನೇ ನೋಡಿದರು. "ಬತ್ತೀನಿ ಅಂದಿದ್ಲಲ್ಲಪ್ಪ! ಶಿವರಾತ್ರಿ ಕಳೆದ ಮೂರ್ನೇ ಸ್ವಾಮಾರ ಬತ್ತೀನಿ, ಆದ್ರೆ ಅವ್ರಿವ್ರ ಕಿವೀಲಿ ಯೋಳ್ಬ್ಯಾಡ, ಎಲ್ರೂ ಸೇರಿರೋ ತಾವು ಯೋಳು ಅಂತ ನಿಮ್ಮ ದೊಡ್ಡಪ್ಪಂಗೆ ಅಂದ್ಲು. ಆ ಆರತಿ ತಟ್ಟೇನೂ ಬೆಳಗಿ ಮಡಗಿದ್ಲು. ಅವ್ರು ಯೋಳ್ನಿಲ್ವಾ?"

ಛತ್ರದ ಹಿತ್ತಿಲಲ್ಲಿ, ಉಳಿದ ಅನ್ನವನ್ನು ಏನು ಮಾಡುವುದೆಂದು ಅಡಿಗೆಯವರೊಡನೆ ಮಾತಾಡುತ್ತಿದ್ದ ದೊಡ್ಡಪ್ಪನ ಬಳಿಗೆ ಹೋದೆ. "ಯಾಕೆ ಹೇಳಲಿಲ್ಲ, ದೊಡ್ಡಪ್ಪ? ಸಭೆಯಲ್ಲಲ್ಲದಿದ್ದರೆ ಆಮೇಲೆ ಹೇಳಬಹುದಿತ್ತಲ್ಲ?"

"ಗಂಟೆ ಆಯ್ತಲ್ಲ, ಮಗ."

ಅವರೇ ಮುಂದುವರಿಸಿದರು: "ಏನು ಕೇಳ್ಕಂಡು ಬಂದೆ ದೊಡ್ಡಪ್ಪ ಅಂತ ನೀನೂ ಕೇಳ್ನಿಲ್ಲ. ಈ ಸಲ ದಿನ ನಿಂದಲ್ಲ ಕಣವ್ವ ಅಂತ ನಾನೇ ಓಗಿ ಅವ್ಳಿಗೆ ಯೋಳ್ಬಂದೆ. ಸರಿ ಬುಡಣ್ಣ ಅಂದ್ಲು."

"ಈ ಸಲ ಎಂದರೆ?"

ಅವರು ಬಿಡಿಸಿ ಹೇಳಿದಾಗ ತಿಳಿಯಿತು. ಪ್ರತಿ ಸಲವೂ ಅವರು ಮೊದಲು ಹೊಳೆ ದಾಟಿ ತಂಗಿಯ ಬಳಿ ದಿನ ಕೇಳುತ್ತಿದ್ದರು. ತಾನು ಬರುವುದಿಲ್ಲವೆನ್ನುತ್ತಲೇ ಆಕೆ ಒಂದು ದಿನವನ್ನು ಹೇಳುತ್ತಿದ್ದರು. ಮಿಕ್ಕ ಮನೆಗಳನ್ನೆಲ್ಲ ಎರಡು ತಿಂಗಳು ಸುತ್ತಿ, ಅದೇ ದಿನಕ್ಕೆ ಒಪ್ಪಿಸಿ ಬರುತ್ತಿದ್ದರು. ಹನ್ನೆರಡು ವರ್ಷ ನಮ್ಮ ಬಳಗ ಅತ್ತೆ ಹೇಳಿದ ದಿನವೇ ಸೇರಿತ್ತು; ಅದನ್ನು ಅಣ್ಣ ತಂಗಿ ಇಬ್ಬರೇ ಬಲ್ಲರು. ಬಾರದವರ ಅನುಕೂಲವೆಂದು ನಾನು ಚಪ್ಪಾಳೆ ಗಿಟ್ಟಿಸಿದ ಹೊತ್ತಿನಲ್ಲಿ, ಬರುತ್ತೇನೆಂಬ ಮಾತು ದೊಡ್ಡಪ್ಪನ ಬಾಯಲ್ಲಿತ್ತು.

ಮುಂದಿನ ಕೂಟದ ವೇಳೆಗೆ ಅವರ ಮಂಡಿ ಸೋತಿತ್ತು. ದಿನ ಕೇಳಲು ನಾನೇ ಹೊರಟೆ. ಮೊದಲು ಎಲ್ಲಿಗೆ ಹೋಗಬೇಕೆಂದು ಅವರು ಹೇಳಬೇಕಾಗಿರಲಿಲ್ಲ. "ಕೂತ್ಕೊ. ನಿಂತೇ ಕೇಳ್ಬ್ಯಾಡ," ಎಂದಷ್ಟೇ ಹೇಳಿದರು.

ಅತ್ತೆ ಜಗುಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ದೊಡ್ಡಪ್ಪನಂತೆಯೇ ಆರಂಭಿಸೋಣವೆಂದು, "ಎಮ್ಮೆ ಹೇಗಿದೆ, ಅತ್ತೆ?" ಎಂದೆ.

"ಎಮ್ಮೆ ಮಾರಿ ಎರಡು ವರ್ಷ ಆಯ್ತು ಕಣೋ. ಇದು ಪಕ್ಕದ್ಮನೆ ಮಜ್ಜಿಗೆ." ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ನಮ್ಮಣ್ಣ ಯೋಳ್ಕೊಟ್ಟು ಕಳಿಸವ್ನೆ, ಅಲ್ವಾ?"

ಯಾವ ವಿಷಯವಾದರೂ ಅದರ ಪರವಾಗಿಯೂ ವಿರುದ್ಧವಾಗಿಯೂ ಅರ್ಧ ಗಂಟೆ ಮಾತಾಡಬಲ್ಲ ನಾನು, ಅತ್ತೆಯ ಮನೆಯಲ್ಲಿ ಮೂರು ವರ್ಷದಿಂದ ಏನು ನಡೆದಿದೆಯೆಂಬುದನ್ನು ತಿಳಿದಿರಲಿಲ್ಲ. ಬಿಸಿಲು ಜಾರುವವರೆಗೂ ಕುಳಿತೆ. ಹೊಸ್ತಿಲ ಬಳಿ ಮೆಟ್ಟು ಹಾಕಿಕೊಳ್ಳುತ್ತ ಕೇಳಿದೆ: "ಯಾವ ದಿನ ಆದರೆ ಆಗುತ್ತೆ, ಅತ್ತೆ?"

"ಕಾರ್ಡಲ್ಲಿ ಅಚ್ಚಾಗದೆಯಲ್ಲ, ಎಲ್ಡ್ನೇ ಶನ್ವಾರ ಅಂತ."

"ಆ ನಿಯಮವನ್ನು ತೆಗೆದುಹಾಕೋಣ."

"ತೆಗೀಬೌದು ಬುಡು." ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಒಳ್ಳೆ ಉಡುಗ್ನೇ. ಅವತ್ತು ಮದ್ವೇಲಿ ನಂಗೋಸ್ಕರ ಕಾಯ್ನಿಲ್ವಲ್ಲ, ಅವ್ರೂ ಒಳ್ಳೇರೇ. ಒಂದ್ಸಲ ಬತ್ತೀನಿ ಅಂದಿದ್ದೆ. ಎರಡ್ನೇ ಸಲ ಅನ್ನಾಕೆ ಬಾಯಿ ಬರಾಕಿಲ್ಲ ಕಣೋ. ಒತ್ತಾಯ್ತು, ನಡಿ, ಅರಿಗೋಲು ಒಂಟೋಯ್ತದೆ."

ಆ ವರ್ಷದ ಸಭೆಗೆ ನಾನು ಗಂಟೆ ತರಲಿಲ್ಲ. ಕೋಟೆ ಕಡೆಯ ದಿನ ಯಾವುದು ಎಂದು ಒಬ್ಬರು ಕೇಳಿದರು. ಅಲ್ಲಿಂದ ದಿನ ಬಂದಿಲ್ಲವೆಂದೆ. ಸಭೆ ಮುಗಿದ ಮೇಲೆ ದೊಡ್ಡಪ್ಪ ನನ್ನನ್ನು ಹತ್ತಿರಕ್ಕೆ ಕರೆದು, "ಎಷ್ಟೊತ್ತು ಕೂತಿದ್ದೆ?" ಎಂದರು. ಮಧ್ಯಾಹ್ನವೆಲ್ಲ ಎಂದೆ. "ಒಂದು ಮಧ್ಯಾಹ್ನ ಸಾಲಾಕಿಲ್ಲ. ನಂಗೆ ಹನ್ನೆರಡು ವರ್ಷ ಇಡೀತು. ಇನ್ನೊಂದ್ಸಲ ಓಗು," ಎಂದರು.

ಹೋಗುತ್ತೇನೆ ಎಂದೆ. ಆ ಬೇಸಿಗೆಯಲ್ಲಿ ನಿಯಮಾವಳಿಯ ತಿದ್ದುಪಡಿಯನ್ನು ಬರೆಯುವುದಿತ್ತು, ಬೊಂಬಾಯಿಯವರಿಗೆ ಉತ್ತರಿಸುವುದಿತ್ತು, ಬೇರೆ ಊರುಗಳಲ್ಲಿ ಭಾಷಣಗಳಿದ್ದವು. ನಾನು ಹೋಗಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ ದೊಡ್ಡಪ್ಪ ಕಂಬಳಿ, ಕೊಡೆ, ಎಲೆಯಡಕೆಯ ಚೀಲಗಳನ್ನು ಮೊಳೆಯಿಂದ ಇಳಿಸಿಕೊಂಡು ಬಸ್ಸು ನಿಲ್ಲುವ ಆಲದ ಮರದವರೆಗೆ ನಡೆದುಹೋದರು. ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ಬಾಗದೆ ಮರಳಿ ಬಂದರು. ನಾನು ಹಜಾರದಲ್ಲಿ ಬರೆಯುತ್ತ ಕುಳಿತಿದ್ದೆ. ಅವರು ನನ್ನನ್ನು ಏನೂ ಕೇಳದೆ ಒಳಗೆ ಹೋದರು.