ಪ್ಯಾರಾಚೂಟಿನ ಪಂಚನಾಮೆ

ಲಿಂಗಸುಗೂರಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನನ್ನು ಆಕಾಶದ ವಿಷಯದಲ್ಲಿ ಯಾರೂ ಅಭಿಪ್ರಾಯ ಕೇಳುವುದಿಲ್ಲ. ಹಾಗಾಗಿ ಮಗಳ ಪ್ಯಾರಾಚೂಟು ನೋಡಿಹೋಗು ಎಂದು ಮಸ್ಕಿಯಿಂದ ತಮ್ಮ ಕರೆದಾಗ, ಇಸ್ತ್ರಿಯ ಅಂಗಿ ತೊಟ್ಟು ಶನಿವಾರದ ಮೊದಲ ಬಸ್ಸನ್ನೇ ಹತ್ತಿದೆ.

ತಮ್ಮನ ಈ ಮಗಳು ಸಿಂಧನೂರಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ರಜೆ ಸಿಕ್ಕಾಗಲೆಲ್ಲ 'ತರಬೇತಿ' ಎಂದು ದೂರ ಹೋಗುತ್ತಿದ್ದಳು. ಬಡ್ತಿಗಿರಬೇಕೆಂದು ಅಪ್ಪ ಹಿಗ್ಗಿದ್ದ. ಅದು ವಿಮಾನದಿಂದ ಜಿಗಿಯುವ ತರಬೇತಿಯೆಂದು ಗೊತ್ತಾದದ್ದು, ಅವಳು ಸ್ವಂತ ಪ್ಯಾರಾಚೂಟನ್ನೇ ಮನೆಗೆ ತಂದಾಗ. ಅದನ್ನು ಕಟ್ಟಿಕೊಂಡು ಭಾನುವಾರ ಮೊದಲ ಸಲ ಜಿಗಿಯಬೇಕು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಅಪ್ಪನನ್ನು ಕೇಳದೆಯೂ ಹೋಗಬಹುದಿತ್ತು. ಕೇಳಿದಳು.

"ನಮ್ಮಣ್ಣ ನೋಡಿ ಹೂಂ ಅಂದ್ರ ಹೋಗು," ಎಂದಿದ್ದ ತಮ್ಮ.

ಹೊರಸಿನ ಮೇಲೆ ಪ್ಯಾರಾಚೂಟಿನ ಚೀಲ, ಅದರ ಪಕ್ಕ ವಿಭೂತಿಯ ತಟ್ಟೆ. ಮನೆಗೆ ಬಂದ ಬೈಕಿಗೆ ಪೂಜೆಯಾಗಿತ್ತು, ಮಿಕ್ಸರಿಗೂ ಆಗಿತ್ತು. ಇದಕ್ಕೇಕೆ ಬೇಡ?

ಮೊದಲು ಕಾಗದಪತ್ರ ತರಿಸಿದೆ. ಕಂಪನಿಯ ಪುಸ್ತಿಕೆ ಮದುವೆಯ ಕರೆಯೋಲೆಗಿಂತ ನುಣುಪಾಗಿತ್ತು. ದೊಡ್ಡ ಪ್ಯಾರಾಚೂಟು ಕೈಕೊಟ್ಟರೆ, ಕಳಚಿ ಹೋಗುವಾಗ ಅದೇ ಮೀಸಲು ಪ್ಯಾರಾಚೂಟನ್ನು ಹೊರಗೆಳೆದು ಹೋಗುತ್ತದಂತೆ. ಇದು ಹೊಸ ವಿನ್ಯಾಸ. ವರ್ಗವಾದವನು ಮುಂದೆ ಬರುವವನಿಗೆ ಕಡತ ಒಪ್ಪಿಸಿ ಹೋದ ಹಾಗೆ. ನನ್ನ ಸೇವಾವಧಿಯಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ಜಿಗಿದವರು ಎಚ್ಚರ ತಪ್ಪಿದರೂ ಪುಟ್ಟ ಯಂತ್ರವೊಂದು ಎತ್ತರ ಅಳೆದು ತಾನೇ ತೆರೆಯಿಸುತ್ತದೆ. ಹೀಗೆ ಪುಟಪುಟಕ್ಕೂ ಅಭಯಹಸ್ತ. ಕೊನೆಯ ಪುಟದಲ್ಲಿ ಮಾತ್ರ ಸಾಸಿವೆಯಷ್ಟು ಅಕ್ಷರ: ಸಲಕರಣೆ ಸರಿಯಾಗಿ ಕೆಲಸ ಮಾಡಿದರೂ ನೀವು ಸಾಯಬಹುದು, ಕಂಪನಿ ಹೊಣೆಯಲ್ಲ.

"ಇದನ್ನ ಓದಿಯೇನು?" ಎಂದೆ.

"ಓದಿ ಸಹಿನೂ ಹಾಕೀನ್ರಿ ದೊಡ್ಡಪ್ಪಾ. ಬೈಕ್ ತಗೊಂಡಾಗ ನೀವು ಕಡೀ ಪುಟ ಓದಿದ್ರೇನು?"

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಅವಳು ಚಹಾ ತರಲು ಒಳಗೆ ಹೋದಳು. "ಅದನ್ನ ಮುಟ್ಟಬ್ಯಾಡ್ರಿ ಮತ್ತ. ಮೀಸಲದ್ದಕ್ಕ ಮೊಹರು ಹಾಕ್ಯಾರ," ಎಂದು ಹೊಸ್ತಿಲಲ್ಲಿ ನಿಂತು ಹೇಳಿದ್ದಳು. ಮೊಹರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮಲಗಿದ್ದ ಗುಮಾಸ್ತ ಎದ್ದು ಕೂತ. ಚೀಲದ ಬೆನ್ನಿನ ಮುಚ್ಚಳ ಸರಿಸಿದೆ. ಕೆಂಪು ದಾರ, ಸೀಸದ ಗುಂಡು, ಎಲ್ಲ ಕ್ರಮಬದ್ಧ. ತಮ್ಮನನ್ನು ಸಾಕ್ಷಿಯಾಗಿ ಹತ್ತಿರ ನಿಲ್ಲಿಸಿಕೊಂಡೆ. ನಮ್ಮ ಕಚೇರಿಯ ಪದ್ಧತಿಯಲ್ಲಿ ಮೊಹರನ್ನು ಕಣ್ಣಿನಿಂದ ನೋಡಿದರೆ ಸಾಲದು. ಬೀರುವಾಗಲಿ ಪೆಟ್ಟಿಗೆಯಾಗಲಿ, ಹಿಡಿಕೆ ಹಿಡಿದು ಜಗ್ಗಿ, ಬಾಗಿಲು ಜಗ್ಗಲಿಲ್ಲವೆಂದು ಬರೆಯಬೇಕು.

ಹಿಡಿಕೆ ಎದೆಪಟ್ಟಿಯ ಮೇಲೆ ಹೊಳೆಯುತ್ತಿತ್ತು. ಜಗ್ಗಿದೆ.

ಸರಕಾರಿ ಮೊಹರು ಇರುವುದು ತೆರೆಯದಿರಲೆಂದು. ಇದು ಜಗ್ಗಿದರೆ ತೆರೆಯಲೆಂದೇ ಇದ್ದದ್ದು. ಒಳಗಿನ ಸ್ಪ್ರಿಂಗು ಪುಟ್ಟ ಛತ್ರಿಯೊಂದನ್ನು ಹೊತ್ತು ಮುಖದೆತ್ತರಕ್ಕೆ ಹಾರಿತು. ವಿಭೂತಿಯ ತಟ್ಟೆ ನೆಲಕ್ಕೆ ಬಿತ್ತು. ತಮ್ಮನೂ ನಾನೂ ಬೂದಿ ಬಳಿದುಕೊಂಡು ನಿಂತೆವು.

"ಅಣ್ಣಾ, ತೆರೀತೋ! ಖರೇನ ತೆರೀತೈತಿ!" ಎಂದ ತಮ್ಮ. ಎಂಟು ದಿನದಿಂದ ಊಟ ಸೇರದವನ ಮುಖದಲ್ಲಿ ಮೊದಲ ಸಲ ನಗು. ಚಹಾ ಹಿಡಿದು ಬಂದ ಮಗಳಿಗೆ ಅಲ್ಲೇ ಆಜ್ಞೆ: "ಹೋಗಿ ಜಿಗಿಯವ್ವಾ. ನನ್ನ ಒಪ್ಪಿಗಿ ಐತಿ."

ಅವಳು ಹರಿದ ಕೆಂಪು ದಾರವನ್ನು ನೋಡುತ್ತಿದ್ದಳು.

"ಹೆಂಗ ಜಿಗೀಲೆಪ್ಪಾ? ಇದನ್ನ ಮಡಚಿ ಮೊಹರು ಹಾಕಾಕ ಲೈಸೆನ್ಸ್ ಇದ್ದವರೇ ಬೇಕು."

"ನಾವು ಮೂರೂ ಮಂದಿ ಸೇರಿ ಮಡಚಿದ್ರ?" ಎಂದೆ.

"ಮಡಚೋಣ್ರಿ. ಜಿಗಿಯೋರು ನೀವಾ?"

ಮಡಚುವವನಿಗೆ ಫೋನು ಮಾಡಿದಳು. ಬುಧವಾರದ ತನಕ ಆಗದು ಎಂದನಂತೆ. ಎಚ್ಚರ ತಪ್ಪಿದವರಿಗೆ, ಗಾಬರಿಯಾದವರಿಗೆ, ಹಗ್ಗ ಸುತ್ತಿಕೊಂಡವರಿಗೆ ಕಂಪನಿ ಪರಿಹಾರ ಯೋಚಿಸಿತ್ತು. ದೊಡ್ಡಪ್ಪ ಇದ್ದವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಅವಳು ಹೋಗಲೇ ಇಲ್ಲ. ಭಾನುವಾರ ಬೆಳಿಗ್ಗೆ ಸಿಂಧನೂರಿನ ಬಸ್ಸಿಗೆ ಹೊರಟವಳನ್ನು ಕಳಿಸಲು ನಾನೂ ಹೋದೆ. ಅವಳು ಜಿಗಿಯಬೇಕಿದ್ದ ವಿಮಾನ ಅಷ್ಟು ಹೊತ್ತಿಗೆ ಏರಿರಬೇಕು. ಬಸ್ಸು ಬಂದಾಗ ಪ್ಯಾರಾಚೂಟಿನ ಚೀಲ ಹಿಡಿಯಲು ಕೈ ಚಾಚಿದೆ.

"ಬ್ಯಾಡ್ರಿ ದೊಡ್ಡಪ್ಪಾ," ಎಂದವಳೇ ಎರಡೂ ತೋಳಲ್ಲಿ ಅದನ್ನು ಅವುಚಿಕೊಂಡು ಹತ್ತಿದಳು.